ಪಾಸ್ಕಲ್ ಮತ್ತು ಪ್ರಕಾರನಿಷ್ಠೆಯ ಪಾಠಪರಂಪರೆ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆದುಕೊಡುವ ವಿದ್ಯೆಯು ಇನ್ನೂ ಶೈಶವದಲ್ಲಿದ್ದಾಗ, ಅಂದರೆ 1957ರಲ್ಲಿ, ಐಬಿಎಂ ಸಂಸ್ಥೆಯಿಂದ ಹೊರಬಂದ ಫೋರ್ಟ್ರಾನ್ ಭಾಷೆಯಲ್ಲಿ ಒಂದು ವಿಚಿತ್ರವಾದ ಔದಾರ್ಯವಿತ್ತು. ಲೆಕ್ಕದಲ್ಲಿ ಬಳಸುವ ಚರಗಳನ್ನು ಮೊದಲೇ ಘೋಷಿಸಬೇಕೆಂಬ ನಿರ್ಬಂಧವಿರಲಿಲ್ಲ. ಚರದ ಹೆಸರು ಐ ಮೊದಲುಗೊಂಡು ಎನ್‌ವರೆಗಿನ ಅಕ್ಷರಗಳಲ್ಲೊಂದರಿಂದ ಆರಂಭವಾದರೆ ಅದು ಪೂರ್ಣಾಂಕವೆಂದೂ, ಬೇರೆ ಅಕ್ಷರದಿಂದ ಆರಂಭವಾದರೆ ದಶಮಾಂಶಸಂಖ್ಯೆಯೆಂದೂ ಯಂತ್ರವೇ ಭಾವಿಸಿಕೊಳ್ಳುತ್ತಿತ್ತು. ಅವಸರದಲ್ಲಿ ಬರೆಯುವವನಿಗೆ ಇದರಿಂದ ಸೌಕರ್ಯವೇನೋ ಆಯಿತು. ಆದರೆ ಹೆಸರಿನ ಒಂದಕ್ಷರ ತಪ್ಪಿದೊಡನೆ ಸದ್ದಿಲ್ಲದೆ ಮತ್ತೊಂದು ಚರವೇ ಹುಟ್ಟಿಕೊಂಡು, ಉತ್ತರವು ಕೆಟ್ಟುಬಂದ ಮೇಲೆಯೇ ದೋಷವು ಗೋಚರಿಸುವಂತಾಯಿತು.

ಯೂರೋಪು ಮತ್ತು ಅಮೆರಿಕದ ವಿದ್ವಾಂಸರು ಕೂಡಿ ರಚಿಸಿದ ಆಲ್ಗಾಲ್ 60 ಈ ಶೈಥಿಲ್ಯವನ್ನು ನಿವಾರಿಸಿತು: ಪ್ರತಿಯೊಂದು ಚರಕ್ಕೂ ಪ್ರಕಾರವನ್ನು ಸಾರಿಯೇ ಬಳಸತಕ್ಕದ್ದು. ಅದರ ಉತ್ತರಾಧಿಕಾರಿಯಾಗಲೆಂದು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು ಟೋನಿ ಹೋರ್ ಅವರೊಡನೆ ಮುಂದಿಟ್ಟ ಮಿತವಾದ ಯೋಜನೆಯನ್ನು ಆಲ್ಗಾಲ್ ಸಮಿತಿಯು ಒಪ್ಪದೆ, ಕಾಲಾಂತರದಲ್ಲಿ ಆಲ್ಗಾಲ್ 68 ಎಂದು ಪ್ರಸಿದ್ಧವಾದ ಗಹನವೂ ಭಾರವೂ ಆದ ಭಾಷೆಯನ್ನು ಆರಿಸಿಕೊಂಡಿತು. ತಿರಸ್ಕೃತರಾದ ವಿರ್ತ್ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಮರಳಿ, 1970ರ ವೇಳೆಗೆ ತಮ್ಮದೇ ಭಾಷೆಯೊಂದನ್ನು ಕಟ್ಟಿ, ಹದಿನೇಳನೆಯ ಶತಮಾನದಲ್ಲಿ ಲೆಕ್ಕದ ಯಂತ್ರವನ್ನು ನಿರ್ಮಿಸಿದ ಬ್ಲೇಸ್ ಪಾಸ್ಕಲ್ ಎಂಬ ಫ್ರೆಂಚ್ ಚಿಂತಕನ ಹೆಸರನ್ನು ಅದಕ್ಕಿಟ್ಟರು. ಸಮಿತಿಯ ನಿರಾಕರಣೆಯೇ ಈ ಭಾಷೆಗೆ ವರವಾಯಿತೆಂದು ನನ್ನ ಎಣಿಕೆ. ಹಲವರ ಸಮ್ಮತಿಗಾಗಿ ಕಾಯಬೇಕಿಲ್ಲದ ಕೈಯೊಂದರಿಂದಲೇ ಅಂಥ ಸಂಕ್ಷಿಪ್ತತೆ ಸಾಧ್ಯ.

ಪಾಸ್ಕಲನ್ನು ಕಲಿಯಹೊರಟವನು ಮೊದಲು ಅರಿಯುವುದು ಕ್ರಮವನ್ನು: ಸ್ಥಿರಾಂಕಗಳು, ಆಮೇಲೆ ಪ್ರಕಾರಗಳು, ಆಮೇಲೆ ಚರಗಳು, ತರುವಾಯ ಉಪವಿಧಿಗಳು, ಕಟ್ಟಕಡೆಗೆ ಬಿಗಿನ್ ಮತ್ತು ಎಂಡ್ ಎಂಬ ಪದಗಳ ನಡುವೆ ಕಾರ್ಯಭಾಗ. ಪೂರ್ಣಾಂಕ, ದಶಮಾಂಶ, ಅಕ್ಷರ, ಸತ್ಯಾಸತ್ಯ ಎಂಬ ನಾಲ್ಕು ಮೂಲಪ್ರಕಾರಗಳು ದತ್ತವಾಗಿವೆ. ಪೂರ್ಣಾಂಕವನ್ನು ದಶಮಾಂಶದ ಚರದಲ್ಲಿ ಇಡಬಹುದು. ದಶಮಾಂಶವನ್ನು ಪೂರ್ಣಾಂಕದ ಚರದಲ್ಲಿ ಇಡಬೇಕಾದರೋ, ಭಿನ್ನಭಾಗವನ್ನು ಕತ್ತರಿಸಿಬಿಡಬೇಕೆ, ಹತ್ತಿರದ ಅಂಕಿಗೆ ಸರಿಹೊಂದಿಸಬೇಕೆ ಎಂಬುದನ್ನು ಬರೆಯುವವನೇ ಬಾಯಿಬಿಟ್ಟು ಹೇಳಬೇಕು. ಇಷ್ಟಕ್ಕೇ ನಿಂತಿದ್ದರೆ ವಿಶೇಷವಿರಲಿಲ್ಲ. ವಿರ್ತರ ಭಾಷೆಯ ನಿಜವಾದ ಸೊಗಸು, ಕಲಿಯುವವನೇ ಹೊಸ ಪ್ರಕಾರಗಳನ್ನು ಸೃಷ್ಟಿಸಬಹುದೆಂಬುದರಲ್ಲಿದೆ: ವಾರದ ಏಳು ದಿನಗಳನ್ನು ಹೆಸರಿನಿಂದಲೇ ಎಣಿಸಿ ಒಂದು ಪ್ರಕಾರ ಮಾಡಬಹುದು, ತಿಂಗಳ ತಾರೀಖು 1ರಿಂದ 31ರವರೆಗೆ ಮಾತ್ರವೆಂದು ಎಲ್ಲೆ ಕಟ್ಟಬಹುದು, ಹೆಸರು, ವಯಸ್ಸು, ಅಂಕಗಳೆಂಬ ಭಿನ್ನ ಪ್ರಕಾರಗಳನ್ನು ಕೂಡಿಸಿ ಒಂದೇ ದಾಖಲೆಯಾಗಿ ಕಟ್ಟಬಹುದು. ಸಮಸ್ಯೆಯನ್ನು ಬಿಡಿಸುವುದಕ್ಕೆ ಮುಂಚೆ ಅದರಲ್ಲಿ ಯಾವ ಯಾವ ವಸ್ತುಗಳಿವೆಯೆಂದು ವಿದ್ಯಾರ್ಥಿ ನಿಶ್ಚಯಿಸಿಕೊಳ್ಳಲೇಬೇಕಾಗುತ್ತಿತ್ತು. 1976ರಲ್ಲಿ ವಿರ್ತ್ ಬರೆದ ಗ್ರಂಥದ ಶೀರ್ಷಿಕೆಯೇ ವಿಧಾನಕ್ಕೆ ದತ್ತರಚನೆಯನ್ನು ಕೂಡಿಸಿದರೆ ಕ್ರಮವಿಧಿಯಾಗುತ್ತದೆಂದು ಸಾರುವ ಸಮೀಕರಣವಾಗಿತ್ತು.

 

ಕಲಿಯುವವರ ಕಷ್ಟಗಳನ್ನು ಮರೆಮಾಚುವುದು ನ್ಯಾಯವಲ್ಲ. ಅರ್ಧವಿರಾಮವು ಇಲ್ಲಿ ವಾಕ್ಯವನ್ನು ಮುಗಿಸುವ ಚಿಹ್ನೆಯಲ್ಲ, ಎರಡು ವಾಕ್ಯಗಳನ್ನು ಬೇರ್ಪಡಿಸುವ ಚಿಹ್ನೆ. ಆದ ಕಾರಣ ಎಲ್ಸ್ ಎಂಬ ಪದದ ಹಿಂದೆ ಅದನ್ನಿಟ್ಟರೆ ಕ್ರಮವಿಧಿಯನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಒಡನೆಯೇ ಆಕ್ಷೇಪಿಸುತ್ತದೆ, ಹೊಸಬನಿಗೋ ಏಕೆಂದು ಹೊಳೆಯುವುದಿಲ್ಲ. ಇದಕ್ಕಿಂತ ಗುರುತರವಾದ ದೋಷವೆಂದರೆ, ಅಂಕಣಪಟ್ಟಿಯ ಉದ್ದವೂ ಅದರ ಪ್ರಕಾರದ ಅಂಗವೇ ಆಗಿದ್ದುದು. ಹತ್ತು ಸಂಖ್ಯೆಗಳನ್ನು ವಿಂಗಡಿಸುವ ಉಪವಿಧಿಯು ಇಪ್ಪತ್ತನ್ನು ವಿಂಗಡಿಸಲಾರದು! 1981ರಲ್ಲಿ ಬೆಲ್ ಪ್ರಯೋಗಾಲಯದ ಬ್ರಯನ್ ಕರ್ನಿಹನ್ ಪಾಸ್ಕಲ್ ತಮಗೇಕೆ ಪ್ರಿಯವಲ್ಲವೆಂದು ಬರೆದ ಪ್ರಬಂಧದಲ್ಲಿ ಈ ದೂರಿಗೆ ಪ್ರಮುಖ ಸ್ಥಾನವಿತ್ತು. ಅವರ ವಾದದಲ್ಲಿ ಸತ್ಯವಿದೆ. ಆದರೆ ಪಾಠಶಾಲೆಗಾಗಿ ಹುಟ್ಟಿದ ಭಾಷೆಯನ್ನು ಕಾರ್ಯಾಗಾರದ ತಕ್ಕಡಿಯಲ್ಲಿ ತೂಗಿದರೆಂಬುದನ್ನೂ ಒಪ್ಪಬೇಕು.

ಇಷ್ಟಾದರೂ ಪ್ರಸಾರವು ನಿಲ್ಲಲಿಲ್ಲ. ಜ್ಯೂರಿಕ್‌ನವರು ಕಲ್ಪಿತಯಂತ್ರವೊಂದರ ಸಂಕೇತಕ್ಕೆ ಭಾಷಾಂತರಿಸುವ ಕಂಪೈಲರನ್ನು ಹಂಚಿದರು. ಅದನ್ನಾಧರಿಸಿ ಸ್ಯಾನ್ ಡಿಯಾಗೋದಲ್ಲಿ ಕೆನೆತ್ ಬೋಲ್ಸ್ ಅವರ ತಂಡವು ಚಿಕ್ಕ ಗಣಕಗಳಿಗೂ ಪಾಸ್ಕಲನ್ನು ತಂದಿತು. 1983ರಲ್ಲಿ ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ರೂಪಿಸಿದ ಟರ್ಬೊ ಪಾಸ್ಕಲ್, ಬರೆಯುವ ಪುಟವನ್ನೂ ಕಂಪೈಲರನ್ನೂ ಒಂದುಗೂಡಿಸಿ, ಐವತ್ತು ಡಾಲರಿಗೂ ಕಡಿಮೆ ಬೆಲೆಗೆ ದೊರೆಯಿತು. ತಪ್ಪಿದ್ದ ಸ್ಥಳಕ್ಕೆ ಕ್ಷಣಮಾತ್ರದಲ್ಲಿ ಬೆಳಕುಗಡ್ಡಿ ಬಂದು ನಿಲ್ಲುವಾಗ, ಕಟ್ಟುನಿಟ್ಟಾದ ಪ್ರಕಾರನಿಯಮವು ದಂಡನೆಯಂತಿರದೆ ಬೋಧನೆಯಂತಾಯಿತು. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಕವಿಜ್ಞಾನದ ಉನ್ನತ ಪರೀಕ್ಷೆಯು 1984ರಿಂದ 1998ರವರೆಗೆ ಇದೇ ಭಾಷೆಯಲ್ಲಿ ನಡೆದು, ಬಳಿಕ ಸಿ ಪ್ಲಸ್ ಪ್ಲಸ್‌ಗೆ ತಿರುಗಿತು.

ವಿರ್ತರೇ ಮುಂದೆ ಮಾಡ್ಯುಲಾ, ಓಬೆರಾನ್‌ಗಳನ್ನು ರಚಿಸಿದರು. ಆದರೆ ಪ್ರಕಾರನಿಷ್ಠೆಯು ಪರಾಕಾಷ್ಠೆಗೇರಿದ್ದು ಅಮೆರಿಕದ ರಕ್ಷಣಾ ಇಲಾಖೆಗಾಗಿ ಜಾನ್ ಇಷ್‌ಬಿಯಾ ಅವರ ನೇತೃತ್ವದಲ್ಲಿ ಸಿದ್ಧವಾದ ಅಡಾ ಭಾಷೆಯಲ್ಲಿ. ಉದ್ದವನ್ನೂ ಕಾಲವನ್ನೂ ಪ್ರತ್ಯೇಕ ಪ್ರಕಾರಗಳೆಂದು ಸಾರಿದರೆ, ಎರಡೂ ಸಂಖ್ಯೆಗಳೇ ಆದರೂ ಒಂದನ್ನೊಂದಕ್ಕೆ ಕೂಡಿಸಗೊಡದ ಭಾಷೆ ಅದು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಹಾರಾಟನಿಯಂತ್ರಣಕ್ಕೆ ಅಡಾವನ್ನೇ ಆರಿಸಿಕೊಂಡದ್ದು ಸಹಜ. ಹಾಗೆಂದು ಪ್ರಕಾರನಿಯಮವು ಸರ್ವರೋಗಕ್ಕೂ ಮದ್ದಲ್ಲ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ಟು ಹಾರಿದ ಕೆಲವೇ ಕ್ಷಣಗಳಲ್ಲಿ ಸಿಡಿದದ್ದು, ಅಡಾದಲ್ಲೇ ಬರೆದ ಕ್ರಮವಿಧಿಯು 64 ಬಿಟ್ಟಿನ ದಶಮಾಂಶವೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸಹೋದದ್ದರಿಂದ. ಹಳೆಯ ಏರಿಯಾನ್ 4ರ ವೇಗಕ್ಕೆ ಸರಿಹೊಂದುತ್ತಿದ್ದ ಎಣಿಕೆಯನ್ನು, ಪುನರ್ವಿಮರ್ಶಿಸದೆ, ಹೊಸದಕ್ಕೂ ಎರವಲು ತಂದಿದ್ದರು.

ಈಗ ಪ್ರಾರಂಭಿಕರ ಕೈಗೆ ಮೊದಲು ಸಿಗುವುದು ಪೈಥಾನ್. ಅದರಲ್ಲಿ ಘೋಷಣೆಯ ಗೊಡವೆಯೇ ಇಲ್ಲ. ಆದರೆ ದೊಡ್ಡ ಕೆಲಸಗಳಿಗೆ ಇಳಿದವರು ಹಳೆಯ ಶಿಸ್ತನ್ನೇ ಹಿಂದಿನ ಬಾಗಿಲಿನಿಂದ ಕರೆತಂದಿದ್ದಾರೆ: ಟರ್ಬೊ ಪಾಸ್ಕಲಿನ ಹೈಲ್ಸ್‌ಬರ್ಗ್ ಅವರೇ 2012ರಲ್ಲಿ ಜಾವಾಸ್ಕ್ರಿಪ್ಟಿಗೆ ಪ್ರಕಾರಗಳನ್ನು ತೊಡಿಸಿ ಟೈಪ್‌ಸ್ಕ್ರಿಪ್ಟನ್ನು ಹೊರತಂದರು, ಪೈಥಾನಿನಲ್ಲೂ 2015ರಿಂದ ಪ್ರಕಾರಸೂಚನೆಗಳನ್ನು ಬರೆಯಲು ಪ್ರಮಾಣಬದ್ಧ ಮಾರ್ಗವಿದೆ. ಇವು ಸೂಚನೆಗಳು ಮಾತ್ರ; ಕ್ರಮವಿಧಿಯು ನಡೆಯುವಾಗ ಪೈಥಾನ್ ತಾನಾಗಿ ಅವನ್ನು ಪರೀಕ್ಷಿಸುವುದಿಲ್ಲ, ಪರೀಕ್ಷೆಗೆ ಬೇರೊಂದು ಉಪಕರಣವನ್ನು ಕರೆಯಬೇಕು. ಪೂರ್ಣಾಂಕವೆಂದು ಬರೆದಿಟ್ಟ ಚರದಲ್ಲಿ ಹೆಸರೊಂದನ್ನು ತುಂಬಿ, ಯಂತ್ರವು ಚಕಾರವೆತ್ತದ್ದನ್ನು ಕಂಡು ಬೆರಗಾಗುವ ವಿದ್ಯಾರ್ಥಿಗೆ ಪಾಸ್ಕಲಿನ ಒಂದು ವಾರದ ಅಭ್ಯಾಸವನ್ನು ಕೊಡಿಸಬಾರದೇಕೆ?