ಬೇಲಿ ದಾಟಿದ ಬೆಳಕು

1945ರ ಜುಲೈ 9ರಂದು ಯುರೋಪಿನ ಉತ್ತರ ಭಾಗದಲ್ಲಿ ಸೂರ್ಯಗ್ರಹಣ ಸಂಭವಿಸಿತು. ಅಲ್ಲಿ ಮಹಾಯುದ್ಧ ಮುಗಿದು ಆಗಿನ್ನೂ ಎರಡು ತಿಂಗಳು. ಜರ್ಮನಿಯ ವೈದ್ಯ ವಿದ್ಯಾರ್ಥಿಯೊಬ್ಬ ಬರಿಗಣ್ಣಿನಿಂದ ಗ್ರಹಣ ನೋಡಿ, ದೃಷ್ಟಿ ಮಸುಕಾಯಿತೆಂದು ವೈದ್ಯರ ಬಳಿಗೆ ಬಂದ. ಅವನ ಕಣ್ಣೊಳಗೆ ಇಣುಕಿ ನೋಡಿದ ತರುಣ ನೇತ್ರವೈದ್ಯ ಗೆರ್ಡ್ ಮೇಯರ್-ಶ್ವಿಕೆರಾಥ್‌ಗೆ ಅಕ್ಷಿಪಟಲದ ನಟ್ಟನಡುವೆ ಪುಟ್ಟದೊಂದು ಸುಟ್ಟ ಕಲೆ ಕಾಣಿಸಿತು. ಕಳಚಿಕೊಂಡ ಅಕ್ಷಿಪಟಲವನ್ನು ಮತ್ತೆ ಅಂಟಿಸಲು ಶಸ್ತ್ರವೈದ್ಯರು ವಿದ್ಯುತ್ ಶಾಖದಿಂದ ಬೇಕೆಂದೇ ಮೂಡಿಸುತ್ತಿದ್ದ ಕಲೆಗಳಂತೆಯೇ ಅದೂ ಇತ್ತು. ಹಾಗಾದರೆ ಕಣ್ಣನ್ನು ಕುಯ್ಯದೆ, ಬೆಳಕಿನಿಂದಲೇ ಆ ಕೆಲಸ ಮಾಡಬಾರದೇಕೆ ಎಂಬ ಯೋಚನೆ ಅವರನ್ನು ಹಿಡಿಯಿತು. 1949ರ ಹೊತ್ತಿಗೆ ಅವರು ಸೂರ್ಯನ ಬೆಳಕನ್ನೇ ಕನ್ನಡಿಗಳ ಮೂಲಕ ರೋಗಿಯ ಕಣ್ಣಿಗೆ ಹಾಯಿಸಿ ಚಿಕಿತ್ಸೆ ಮಾಡುತ್ತಿದ್ದರು. ಮೋಡದ ನಾಡಿನಲ್ಲಿ ಸೂರ್ಯನನ್ನು ನಂಬಿ ಆಸ್ಪತ್ರೆ ನಡೆಸುವುದು ಕಷ್ಟವೆಂದು ಮುಂದೆ ಇಂಗಾಲದ ಕಿಡಿದೀಪವೂ ಅನಂತರ ಕ್ಸೆನಾನ್ ದೀಪವೂ ಬಂದವು.

ಬೆಳಕು ಕಣ್ಣನ್ನು ಸುಡಬಲ್ಲದು ಎಂಬ ಅರಿವು ಲೇಸರ್‌ಗಿಂತ ಹಳೆಯದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೈಮನ್ 1960ರ ಮೇ 16ರಂದು ಕೆಂಪು ಮಾಣಿಕ್ಯದ ಸಣ್ಣ ಸರಳಿನಿಂದ ಮೊದಲ ಲೇಸರ್ ಮಿಂಚನ್ನು ಹೊಮ್ಮಿಸಿದಾಗ ಪತ್ರಿಕೆಗಳು ಅದನ್ನು ‘ಸಾವಿನ ಕಿರಣ’ವೆಂದು ಕರೆದವು. ಕ್ಷೌರದ ಬ್ಲೇಡುಗಳನ್ನು ಒಂದರ ಮೇಲೊಂದಿಟ್ಟು, ಎಷ್ಟು ಬ್ಲೇಡು ತೂತಾಯಿತು ಎಂಬುದರಿಂದ ಅದರ ಬಲವನ್ನು ಅಳೆಯುವ ಮೋಜೂ ಪ್ರಯೋಗಾಲಯಗಳಲ್ಲಿ ನಡೆಯಿತು. ಆದರೆ ನಿಜವಾದ ಎಚ್ಚರಿಕೆ ಬಂದದ್ದು ಮೊಲಗಳಿಂದ. ಮಿಲ್ಟನ್ ಜಾರೆಟ್ ಮತ್ತು ಸಂಗಡಿಗರು ಮೊಲಗಳ ಕಣ್ಣಿಗೆ ಲೇಸರ್ ಬಿಟ್ಟು, ಅಕ್ಷಿಪಟಲ ಸುಡುವುದನ್ನು 1961ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನ ವೈದ್ಯರು ಮಾಣಿಕ್ಯದ ಲೇಸರಿನಿಂದ ರೋಗಿಯೊಬ್ಬರ ಅಕ್ಷಿಪಟಲದ ಗೆಡ್ಡೆಗೆ ಚಿಕಿತ್ಸೆ ನೀಡಿದರು. ಅಮೃತ, ಹಾಲಾಹಲಗಳೆರಡೂ ಒಂದೇ ಕಡಲಿನಿಂದ, ಒಂದೇ ವರ್ಷದಲ್ಲಿ ಬಂದವೆನ್ನಬೇಕು.

ಇಷ್ಟು ಚಿಕ್ಕ ಬೆಳಕಿಗೆ ಇಷ್ಟು ಬಲ ಎಲ್ಲಿಂದ? ಭೂತಗನ್ನಡಿಯಿಂದ ಕಾಗದ ಸುಟ್ಟ ಹುಡುಗರಿಗೆ ಉತ್ತರದ ಅರ್ಧ ಭಾಗ ಗೊತ್ತಿದೆ. ಕಣ್ಣಿನ ಮಸೂರವೂ ಒಂದು ಭೂತಗನ್ನಡಿಯೇ. ನಡುಮಧ್ಯಾಹ್ನದ ಸೂರ್ಯನನ್ನು ನೋಡಿದರೆ, ಕುಗ್ಗಿದ ಪಾಪೆಯ ಮೂಲಕ ಒಳಹೋಗುವ ಬೆಳಕಿನ ಶಕ್ತಿ ಸುಮಾರು 3 ಮಿಲಿವಾಟ್. ಅದು ಅಕ್ಷಿಪಟಲದ ಮೇಲೆ ಸುಮಾರು 0.16 ಮಿಲಿಮೀಟರ್ ಅಗಲದ ಬಿಂಬವಾಗಿ ಹರಡುತ್ತದೆ. ಲೇಸರ್ ಕಿರಣಗಳಾದರೋ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುವುದರಿಂದ ಮಸೂರ ಅವನ್ನು 0.02 ಮಿಲಿಮೀಟರಿನಷ್ಟು ಸಣ್ಣ ಚುಕ್ಕೆಗೆ ಹಿಂಡಿಬಿಡುತ್ತದೆ. ಆ ಚುಕ್ಕೆಯಲ್ಲಿ ಒಂದೇ ಮಿಲಿವಾಟ್ ಲೇಸರ್ ಸೂರ್ಯನಿಗಿಂತ ಎಷ್ಟೋ ಪಟ್ಟು ಪ್ರಖರ. ಹಾಗಿದ್ದೂ 1 ಮಿಲಿವಾಟಿನವರೆಗೆ ಸಾಮಾನ್ಯವಾಗಿ ಅಪಾಯವಿಲ್ಲ. ಚಿಕ್ಕ ಚುಕ್ಕೆಯ ಶಾಖ ಸುತ್ತಲಿನ ಅಂಗಾಂಶಕ್ಕೆ ಬೇಗ ಹರಡಿಹೋಗುತ್ತದೆ. ಜೊತೆಗೆ ಕಣ್ಣು ಕೋರೈಸಿದಾಗ ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತದೆ, ತಲೆ ತಾನಾಗಿ ತಿರುಗುತ್ತದೆ. ಮುಂದೆ ಸುರಕ್ಷಾ ನಿಯಮಗಳು ರೂಪುಗೊಂಡಾಗ ಈ ಕಾಲು ಸೆಕೆಂಡೇ ಅವುಗಳ ಅಡಿಗಲ್ಲಾಯಿತು.

ನಿಯಮಗಳು ಬರುವ ಮೊದಲು ಹವ್ಯಾಸಿಗಳನ್ನು ಕಾಪಾಡಿದ್ದು ಬೇರೊಂದು ಬೇಲಿ. ಅದು ಲೇಸರ್ ತಯಾರಿಸುವ ಕಷ್ಟ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಸಿ.ಎಲ್. ಸ್ಟಾಂಗ್ ನಡೆಸುತ್ತಿದ್ದ ಹವ್ಯಾಸಿ ವಿಜ್ಞಾನಿಗಳ ಅಂಕಣದಲ್ಲಿ 1964ರ ಸೆಪ್ಟೆಂಬರಿನಲ್ಲೇ ಹೀಲಿಯಂ-ನಿಯಾನ್ ಲೇಸರನ್ನು ಮನೆಯಲ್ಲಿ ಕಟ್ಟುವ ಬಗೆ ಪ್ರಕಟವಾಗಿತ್ತು. ಆದರೆ ಅದನ್ನು ಕಟ್ಟುವವನಿಗೆ ಗಾಜಿನ ಕೊಳವೆ ಕಾಯಿಸಿ ಬೆಸೆಯಲು ಬರಬೇಕು, ಗಾಳಿ ಹೀರುವ ಪಂಪು ಬೇಕು, ನಿಖರ ಕನ್ನಡಿಗಳು ಬೇಕು, ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಪಳಗಿಸಬೇಕು. ತಿಂಗಳುಗಟ್ಟಲೆ ದುಡಿದು ಅಂಥದನ್ನು ಬೆಳಗಿಸಿದವನಿಗೆ ಅದರ ಗುಣಾವಗುಣಗಳೂ ತಿಳಿದಿರುತ್ತಿದ್ದವು. ಆ ಕಾಲದ ಲೇಸರುಗಳಲ್ಲಿ ಕಿರಣಕ್ಕಿಂತ ವಿದ್ಯುತ್ತೇ ಹೆಚ್ಚು ಘಾತಕವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಲೇಸರ್ ಕೆಲಸದಲ್ಲಿ ದಾಖಲಾದ ಸಾವುಗಳಲ್ಲಿ ಹೆಚ್ಚಿನವು ವಿದ್ಯುತ್ ಆಘಾತದಿಂದ ಆದವು.

ಬೇಲಿಯನ್ನು ಕಿತ್ತದ್ದು ಸಂಗೀತ. ಅರೆವಾಹಕದ ಹರಳಿನಿಂದಲೇ ಲೇಸರ್ ಹೊಮ್ಮಿಸಬಹುದೆಂದು 1962ರಲ್ಲಿ ಅಮೆರಿಕದ ರಾಬರ್ಟ್ ಹಾಲ್ ತೋರಿಸಿದ್ದರು. ಆಗ ಅದನ್ನು ದ್ರವ ಸಾರಜನಕದಲ್ಲಿ ತಣಿಸಬೇಕಿತ್ತು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂದಾಗ, ತಟ್ಟೆಯನ್ನು ಓದಲು ಪ್ರತಿ ಯಂತ್ರಕ್ಕೂ ಒಂದು ಲೇಸರ್ ಹರಳು ಬೇಕಾಯಿತು. ಕೋಟಿಗಟ್ಟಲೆ ತಯಾರಾದ ವಸ್ತು ಅಗ್ಗವಾಗದೆ ಇದ್ದೀತೆ? 1990ರ ದಶಕ ಮುಗಿಯುವ ವೇಳೆಗೆ ಕೆಂಪು ಚುಕ್ಕೆ ಬೀರುವ ಪಾಯಿಂಟರ್ ಕೀಲಿಗೊಂಚಲಿನಲ್ಲಿ ತೂಗಾಡತೊಡಗಿತು. ಉಪನ್ಯಾಸಕರ ಕೈಗೆಂದು ಹುಟ್ಟಿದ್ದು ಜಾತ್ರೆಯ ಆಟಿಕೆಯ ಅಂಗಡಿಗೂ ಬಂತು.

ಅಷ್ಟರಲ್ಲಿ ನಿಯಮಗಳೇನೋ ಸಿದ್ಧವಾಗಿದ್ದವು. ಅಮೆರಿಕದಲ್ಲಿ 1973ರಲ್ಲಿ ಸುರಕ್ಷಾ ಮಾನದಂಡ, 1976ರಲ್ಲಿ ತಯಾರಕರಿಗೆ ಸರ್ಕಾರಿ ಕಟ್ಟಳೆ, 1984ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂದವು. ಕಣ್ಣಿಗೆ ಕಾಣುವ, ಎಡೆಬಿಡದೆ ಉರಿಯುವ ಲೇಸರುಗಳ ಮಟ್ಟಿಗೆ ಈಗಿನ ವಿಂಗಡಣೆಯ ಸಾರ ಸರಳ. 1 ಮಿಲಿವಾಟಿನವರೆಗೆ ಎರಡನೆಯ ವರ್ಗ, ಅಲ್ಲಿ ರೆಪ್ಪೆಯೇ ರಕ್ಷಕ. 5 ಮಿಲಿವಾಟಿನವರೆಗಿನದು ‘3ಆರ್’, ಅಂಚಿನ ಮೇಲಿನ ನಡಿಗೆ. 500 ಮಿಲಿವಾಟಿನವರೆಗಿನದು ‘3ಬಿ’, ಇಲ್ಲಿ ರೆಪ್ಪೆ ಮುಚ್ಚುವ ಮೊದಲೇ ಗಾಯವಾಗಿರಬಹುದು. ಅದಕ್ಕೂ ಮೇಲಿನದು ನಾಲ್ಕನೆಯ ವರ್ಗ. ಅದು ಕಾಗದ, ಬಟ್ಟೆ, ಚರ್ಮಗಳನ್ನು ಸುಡುತ್ತದೆ. ಗೋಡೆಯ ಮೇಲೆ ಬಿದ್ದ ಅದರ ಚುಕ್ಕೆಯನ್ನು ಹತ್ತಿರದಿಂದ ದಿಟ್ಟಿಸುವುದೂ ಅಪಾಯವೇ.

ಗಾಯವಾದಾಗ ನೋವಾಗುವುದಿಲ್ಲ ಎಂಬುದು ಈ ಕಥೆಯ ಕ್ರೂರ ಭಾಗ. ಅಕ್ಷಿಪಟಲಕ್ಕೆ ನೋವಿನ ನರಗಳಿಲ್ಲ. ಸುಟ್ಟ ಜಾಗ ಅಂಚಿನಲ್ಲಿದ್ದರೆ ಮಿದುಳು ಆ ತೂತಿಗೆ ತೇಪೆ ಹಾಕಿ, ಏನೂ ಆಗಿಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ. ಓದುವ, ಮುಖ ಗುರುತಿಸುವ ನಡುಭಾಗ ಸುಟ್ಟರೆ ಮಾತ್ರ ಮರೆಮಾಚಲಾಗದು.

ಸ್ವಿಟ್ಜರ್ಲೆಂಡಿನ 15 ವರ್ಷದ ಹುಡುಗನೊಬ್ಬನಿಗೆ ಆದದ್ದು ಇದೇ. ಲುಸರ್ನ್ ನಗರದ ವೈದ್ಯರು 2010ರಲ್ಲಿ ಅವನ ಪ್ರಕರಣವನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿ ಮಾಡಿದರು. ಅಂತರಜಾಲದಲ್ಲಿ ತರಿಸಿಕೊಂಡ 150 ಮಿಲಿವಾಟಿನ ಹಸಿರು ಲೇಸರಿನಿಂದ ಅವನು ದೂರದ ಬಲೂನು ಒಡೆದ, ಕಾಗದ ತೂತು ಮಾಡಿದ, ತಂಗಿಯ ಬೂಟನ್ನೂ ಸುಟ್ಟ. ಬಳಿಕ ಕನ್ನಡಿಯ ಮುಂದೆ ನಿಂತು ಬೆಳಕಿನಾಟ ಆಡುವಾಗ ಕಿರಣ ಹಲವು ಸಲ ತಿರುಗಿ ಅವನ ಕಣ್ಣಿಗೇ ಹೊಡೆಯಿತು. ಎರಡೂ ಕಣ್ಣು ಮಂಜಾದವು. ಮನೆಯವರಿಗೆ ಹೇಳಲು ಹೆದರಿ, ತಾನಾಗಿ ವಾಸಿಯಾದೀತೆಂದು ಎರಡು ವಾರ ಕಾದ. ಆಸ್ಪತ್ರೆಗೆ ಬಂದಾಗ ಒಂದು ಕಣ್ಣಿನಿಂದ ಮೂರಡಿ ದೂರದ ಬೆರಳುಗಳನ್ನು ಎಣಿಸುವಷ್ಟೇ ದೃಷ್ಟಿ ಉಳಿದಿತ್ತು. ಚಿಕಿತ್ಸೆಯಿಂದ ಅದು ಒಂದಿಷ್ಟು ಸುಧಾರಿಸಿತಾದರೂ ಕಲೆ ಉಳಿಯಿತು.

ಇವನನ್ನು ಪುಂಡನೆಂದು ಬೈದು ಸುಮ್ಮನಾಗುವಂತಿಲ್ಲ. ಭೂತಗನ್ನಡಿಯ ಹುಡುಗನ ಕುತೂಹಲವೇ ಅವನದೂ. ಸ್ಟಾಂಗ್ ಅಂಕಣದ ಓದುಗನ ಕೈಗೆ ತಿಂಗಳ ದುಡಿಮೆಯ ನಂತರವೂ ದಕ್ಕದಿದ್ದ ಶಕ್ತಿ ಇವನಿಗೆ ಅಂಚೆಯ ಪೊಟ್ಟಣದಲ್ಲಿ ಬಂದಿತ್ತು, ಅಷ್ಟೆ. ಅದೇ ಕಾಲಕ್ಕೆ ಹವ್ಯಾಸಿಗಳು ಹಳೆಯ ಡಿವಿಡಿ ಬರೆಯುವ ಯಂತ್ರಗಳಿಂದ ಕೆಂಪು ಹರಳುಗಳನ್ನೂ ಪ್ರೊಜೆಕ್ಟರುಗಳಿಂದ 1 ವಾಟಿನ ನೀಲಿ ಹರಳುಗಳನ್ನೂ ಬಿಚ್ಚಿ ತೆಗೆಯತೊಡಗಿದ್ದರು. ಈಗ ಮರ, ಚರ್ಮಗಳ ಮೇಲೆ ಚಿತ್ರ ಕೊರೆಯುವ ನೀಲಿ ಲೇಸರ್ ಯಂತ್ರಗಳು ಮನೆಯ ಮೇಜಿನ ಮೇಲೇ ಕೂತಿವೆ.

ಹೀಗಿರುವಾಗ ಹವ್ಯಾಸಿ ಹುಡುಗ ಹುಡುಗಿಯರು ಪ್ರಯೋಗಾಲಯದ ಕೆಲವು ಹಳೆಯ ರೂಢಿಗಳನ್ನು ಮನೆಗೆ ತಂದುಕೊಳ್ಳಬೇಕಾಗಿದೆ. ದೊಡ್ಡವರೊಬ್ಬರು ಜೊತೆಗಿರಬೇಕು. ಕೋಣೆ ಬೆಳಕಾಗಿರಬೇಕು, ಕತ್ತಲಲ್ಲಿ ಪಾಪೆ ಅರಳಿ ಹೆಚ್ಚು ಕಿರಣವನ್ನು ಒಳಬಿಡುತ್ತದೆ. ಕಿರಣದ ದಾರಿ, ಕೂತವರ ಕಣ್ಣಿನ ಮಟ್ಟಕ್ಕೂ ನಿಂತವರ ಕಣ್ಣಿನ ಮಟ್ಟಕ್ಕೂ ಬರಬಾರದು. ಹೊಳಪಿಲ್ಲದ ಇಟ್ಟಿಗೆಯಂಥ ವಸ್ತುವಿನ ಮೇಲೆ ಕೊನೆಗೊಳ್ಳಬೇಕು. ಉಂಗುರ, ಗಡಿಯಾರಗಳನ್ನು ಕಳಚಿಡಬೇಕು, ಸ್ಪ್ಯಾನರಿನ ಹೊಳಪೂ ಕನ್ನಡಿಯಾದೀತು. ತಂಪು ಕನ್ನಡಕ ಯಾವ ಉಪಯೋಗಕ್ಕೂ ಇಲ್ಲ. ರಕ್ಷಣೆಯ ಕನ್ನಡಕ ಆಯಾ ಲೇಸರಿನ ತರಂಗಾಂತರಕ್ಕೇ ಹೊಂದಬೇಕು. ಅದರ ಮೇಲೆ ‘ಒಡಿ 4’ ಎಂದಿದ್ದರೆ ಆ ತರಂಗಾಂತರದ ಬೆಳಕಿನ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ ಒಳಹೋಗುತ್ತದೆ. ಕೆಂಪಿಗೆ ಮಾಡಿದ ಕನ್ನಡಕ ನೀಲಿಯನ್ನು ಸಲೀಸಾಗಿ ಬಿಡಬಹುದು.

ಇನ್ನು ಚೀಟಿಯನ್ನು ನಂಬುವ ಮಾತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 122 ಪಾಯಿಂಟರುಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ, ಹಸಿರಿನವುಗಳಲ್ಲಿ ಶೇ 90ರಷ್ಟು, ಕೆಂಪಿನವುಗಳಲ್ಲಿ ಶೇ 44ರಷ್ಟು ನಿಯಮಕ್ಕೆ ಹೊಂದಿರಲಿಲ್ಲ. ಹಸಿರಿನ ಸಮಸ್ಯೆಗೆ ಅದರ ರಚನೆಯೇ ಕಾರಣ. ಅದರೊಳಗೆ ಮೊದಲು ಹುಟ್ಟುವುದು 808 ನ್ಯಾನೋಮೀಟರಿನ ಅವಕೆಂಪು ಕಿರಣ. ಒಂದು ಹರಳು ಅದನ್ನು 1064ಕ್ಕೆ ಒಯ್ಯುತ್ತದೆ, ಇನ್ನೊಂದು ಹರಳು ಅದರ ಅರ್ಧಕ್ಕೆ, ಅಂದರೆ 532ರ ಹಸಿರಿಗೆ, ತರುತ್ತದೆ. ಉಳಿದ ಅವಕೆಂಪನ್ನು ತಡೆಯುವ ಸೋಸುಗಾಜನ್ನು ಕಾಸು ಉಳಿಸಲು ಬಿಟ್ಟುಬಿಟ್ಟರೆ ಅದೂ ಹೊರಗೆ ಬರುತ್ತದೆ. 15 ಡಾಲರಿಗೆ ಕೊಂಡ ಇಂಥದೊಂದರಿಂದ 20 ಮಿಲಿವಾಟಿನಷ್ಟು ಅವಕೆಂಪು ಹೊಮ್ಮುವುದನ್ನು ಅದೇ ಸಂಸ್ಥೆ 2010ರಲ್ಲಿ ಕಂಡಿತ್ತು. ಹಸಿರು ಮಂಕಾಗಿತ್ತು, ಹಾಗಾಗಿ ರೆಪ್ಪೆ ಮುಚ್ಚಲು ಕಾರಣವೇ ಇರಲಿಲ್ಲ.

ಇದನ್ನು ಪತ್ತೆ ಮಾಡುವ ಮನೆಮಟ್ಟದ ಪರೀಕ್ಷೆಯೊಂದನ್ನೂ ಆ ವಿಜ್ಞಾನಿಗಳು ವಿವರಿಸಿದರು. ಬೇಕಾದದ್ದು ಅವಕೆಂಪನ್ನು ತಡೆಯುವ ಮಾಮೂಲಿ ಕ್ಯಾಮೆರಾ, ತಡೆಯದ ವೆಬ್‌ಕ್ಯಾಮ್, ಮತ್ತು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಲು ಹಳೆಯದೊಂದು ಕಾಂಪ್ಯಾಕ್ಟ್ ಡಿಸ್ಕ್. ಡಿಸ್ಕಿನಿಂದ ಚಿಮ್ಮಿದ ಕಿರಣಗಳನ್ನು ಕಾಗದದ ಮೇಲೆ ಬೀಳಿಸಿದಾಗ ಒಂದು ಕ್ಯಾಮೆರಾಕ್ಕೆ ಹಸಿರು ಚುಕ್ಕೆಗಳಷ್ಟೇ ಕಂಡವು. ಇನ್ನೊಂದರ ಚಿತ್ರದಲ್ಲಿ ಅವುಗಳ ನಡುವೆ, ಕಣ್ಣಿಗೆ ಬರಿಯ ಕಾಗದವಾಗಿ ತೋರುತ್ತಿದ್ದ ಜಾಗದಲ್ಲಿ, ಬೇರೆ ಚುಕ್ಕೆಗಳೂ ಉರಿಯುತ್ತಿದ್ದವು.