ಹೆಸರಿಲ್ಲದ ಗಾದೆ, ಹೆಸರುಳ್ಳ ಪತ್ರಿಕೆ

ಅಧಿಕಾರಸ್ಥರನ್ನು ಚುಚ್ಚುವ ಗಾದೆಗೆ ಕರ್ತೃವಿನ ಹೆಸರಿಲ್ಲ. ಆದುದರಿಂದ ಅದರ ಮೇಲೆ ದಾವೆ ಹೂಡಲು ಪ್ರತಿವಾದಿಯೇ ಸಿಗುವುದಿಲ್ಲ. ಅಚ್ಚಿನ ಮಾತಿಗೆ ಈ ರಕ್ಷಣೆ ಉಳಿಯಲಿಲ್ಲ. ಬ್ರಿಟಿಷ್ ಇಂಡಿಯಾದ 1867ರ ಕಾಯಿದೆಯು ಮುದ್ರಕ, ಪ್ರಕಾಶಕರ ಹೆಸರನ್ನು ಅಚ್ಚಿಸುವುದನ್ನು ಕಡ್ಡಾಯಗೊಳಿಸಿತು.

ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪ್ರದೇಶಗಳು ಅಂದು ಮೈಸೂರು ಸಂಸ್ಥಾನದಲ್ಲಿದ್ದವು. ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ ಜಾರಿಯಾದ 1908ರ ಪತ್ರಿಕಾ ಕಾಯಿದೆಯು ಪ್ರಕಟಣೆಗೆ ಸರ್ಕಾರದ ಅನುಮತಿಯನ್ನು ಅಗತ್ಯಗೊಳಿಸಿತು. 'ತಾತಯ್ಯ' ಎಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಲ್ಲಿ ಬಾಯಿ ಮುಚ್ಚಿಸಿದ್ದು ಪ್ರಭುತ್ವವೇ.

ಸ್ವಾತಂತ್ರ್ಯಾನಂತರ ಆ ಕೆಲಸಕ್ಕೆ ಖಾಸಗಿ ಮೊಕದ್ದಮೆಯೂ ಸಾಧನವಾಗಬಲ್ಲದಾಯಿತು. 2008ರ ವರದಿಯೊಂದರ ಸಂಬಂಧ ರಾಜಕೀಯ ಮುಖಂಡರು ಹೂಡಿದ ಮಾನನಷ್ಟ ಪ್ರಕರಣದಲ್ಲಿ, ಬೆಂಗಳೂರಿನ ಸಂಪಾದಕಿ ಗೌರಿ ಲಂಕೇಶರಿಗೆ ಹುಬ್ಬಳ್ಳಿಯ ನ್ಯಾಯಾಲಯವು 2016ರ ನವೆಂಬರಿನಲ್ಲಿ ಆರು ತಿಂಗಳ ಸೆರೆವಾಸ ವಿಧಿಸಿತು. ಅಂದೇ ಜಾಮೀನು ದೊರೆಯಿತು. 2017ರ ಸೆಪ್ಟೆಂಬರ್ 5ರಂದು ಅವರು ಹತ್ಯೆಗೀಡಾದರು.

ಮಾನಹಾನಿಗೊಳಗಾದವನು ನ್ಯಾಯ ಕೇಳುವುದು ಸಹಜ. ಆ ಹಕ್ಕನ್ನು ಅಲ್ಲಗಳೆಯಲಾಗದು. ಆದರೆ ತೀರ್ಪಿಗೆ ಮೊದಲೇ ವರ್ಷಗಟ್ಟಲೆಯ ಅಲೆದಾಟ, ವಕೀಲರ ಖರ್ಚುಗಳು ಶಿಕ್ಷೆಯಾಗಿ ಪರಿಣಮಿಸುತ್ತವೆ. ಪತ್ರಿಕೆ ಓದುಗರನ್ನು ತಲುಪಿದ ಊರಿನಲ್ಲಿಯೂ ದೂರು ಸಲ್ಲಿಸಬಹುದಾದ್ದರಿಂದ, ಬೆಂಗಳೂರಿನ ಸಂಪಾದಕರಿಗೆ ಜಗಳೂರಿನಿಂದಲೂ ಸಮನ್ಸ್ ಬರಬಹುದು. ಸಣ್ಣ ಪತ್ರಿಕೆಗೆ ಅದರ ಪ್ರಸಾರವೇ ಅಪಾಯವಾಗುತ್ತದೆ.

ಕ್ರಿಮಿನಲ್ ಮಾನನಷ್ಟದ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ ಮುಂದುವರಿದಿದೆ. ಹೆಸರು ಹಾಕಿ ಬರೆಯುವವನಿಗೆ ರಕ್ಷಣೆಯಿಲ್ಲದಿದ್ದರೆ, ಸಮಾಜವು ಮತ್ತೆ ಹೆಸರಿಲ್ಲದ ಮಾತಿಗೇ ಮರಳುತ್ತದೆ. ಗಾದೆಯು ಗಾಯವನ್ನು ಹೇಳಬಲ್ಲದು; ದಿನಾಂಕ, ಮೊತ್ತ, ಸಾಕ್ಷ್ಯಗಳನ್ನು ದಾಖಲಿಸಲಾರದು.