ಸಯಾಟಿಕಾ ನೋವು ಅಕ್ಯುಪಂಕ್ಚರ್‌ನಿಂದ ವಾಸಿಯಾಗುತ್ತದೆಯೇ?

ರಾಯಚೂರು ಜಿಲ್ಲೆಯ ನೀರಮಾನ್ವಿ ಕಡೆ ಭತ್ತದ ನಾಟಿಗೆ ಬಾಗುವವರು, ಗೊಬ್ಬರದ ಚೀಲ ಹೊರುವವರು ‘ನಡ ಹಿಡದದ, ಕಾಲು ಸೆಳೀತದ’ ಎನ್ನುವುದುಂಟು. ನೋವು ಸೊಂಟದಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೊಣಕಾಲಿನ ಕೆಳಕ್ಕೆ ಇಳಿದರೆ ಅದು ಸಯಾಟಿಕಾ ಇರಬಹುದು. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರದ ಬುಡವನ್ನು ಒತ್ತುವುದೇ ಸಾಮಾನ್ಯ ಕಾರಣ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. 3 ತಿಂಗಳು ದಾಟಿದರೆ ದೀರ್ಘಕಾಲದ ನೋವು ಎನ್ನುತ್ತಾರೆ.

ಸೂಜಿ ಚುಚ್ಚಿದರೆ ಡಿಸ್ಕ್ ಒಳಗೆ ಹೋಗುತ್ತದೆಯೇ?

ಇಲ್ಲ. ಕೂದಲಿನಂಥ ಸೂಜಿ ಡಿಸ್ಕನ್ನು ಸರಿಸುವುದಿಲ್ಲ. ಅದು ಚರ್ಮ ಮತ್ತು ಸ್ನಾಯುವಿನ ನರತುದಿಗಳನ್ನು ಕೆರಳಿಸುತ್ತದೆ. ಆಗ ದೇಹದ ಸ್ವಂತ ನೋವುನಿವಾರಕವಾದ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ ಎಂಬುದು ಒಂದು ವಿವರಣೆ.

ಹಾಗಾದರೆ ಪ್ರಯೋಜನವಿದೆಯೇ?

ಸ್ವಲ್ಪ ಮಟ್ಟಿಗೆ ಇದೆ. ಡಿಸ್ಕ್ ಉಬ್ಬಿ ದೀರ್ಘಕಾಲ ಸಯಾಟಿಕಾ ಇದ್ದವರ ಮೇಲೆ ಚೀನಾದ 6 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ 2024ರಲ್ಲಿ ‘ಜಾಮಾ ಇಂಟರ್ನಲ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. 216 ಜನರಲ್ಲಿ ಅರ್ಧದಷ್ಟು ಜನರಿಗೆ 4 ವಾರಗಳಲ್ಲಿ 10 ಬಾರಿ ನಿಜವಾದ ಅಕ್ಯುಪಂಕ್ಚರ್, ಉಳಿದವರಿಗೆ ಹುಸಿ ಚಿಕಿತ್ಸೆ ಕೊಡಲಾಯಿತು. 100ರ ಅಳತೆಯಲ್ಲಿ ಕಾಲುನೋವು ಮೊದಲ ಗುಂಪಿನಲ್ಲಿ ಸುಮಾರು 31, ಎರಡನೆಯದರಲ್ಲಿ ಸುಮಾರು 15 ಅಂಕ ಇಳಿಯಿತು. ವ್ಯತ್ಯಾಸ ಒಂದು ವರ್ಷದವರೆಗೂ ಉಳಿಯಿತು.

ಗಮನಿಸಿ: ಹುಸಿ ಚಿಕಿತ್ಸೆಯಲ್ಲೂ ನೋವು ಇಳಿದಿದೆ. ಅಂದರೆ ಸಿಗುವ ಆರಾಮದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಮಾತ್ರ ಸೂಜಿಯದು. ಉಳಿದದ್ದು ಕಾಲ, ಆರೈಕೆ, ನಂಬಿಕೆಗಳದ್ದು. ಹಳೆಯ ಅಧ್ಯಯನಗಳನ್ನು ಪರಿಶೀಲಿಸಿದ ಬ್ರಿಟನ್ನಿನ ‘ನೈಸ್’ ಸಂಸ್ಥೆ, ಸಯಾಟಿಕಾ ಇರಲಿ ಇಲ್ಲದಿರಲಿ, ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಎಂದು 2016ರಲ್ಲಿ ಹೇಳಿತ್ತು.

ಮಾಡಿಸಿಕೊಳ್ಳುವ ಮುನ್ನ

ಮೊದಲು ವೈದ್ಯರಿಂದ ಕಾರಣ ತಿಳಿದುಕೊಳ್ಳಿ. ತರಬೇತಿ ಪಡೆದವರ ಬಳಿಯೇ ಹೋಗಿ. ಪ್ಯಾಕೆಟ್ ಒಡೆದು ಬಳಸಿ ಬಿಸಾಡುವ ಹೊಸ ಸೂಜಿಯೇ ಆಗಬೇಕು. ಬೇರೆಯವರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ನಡಿಗೆ, ವ್ಯಾಯಾಮ ಬಿಡಬೇಡಿ. ಬರೆ ಹಾಕಿಸುವುದಂತೂ ಬೇಡ. ಅದರಿಂದ ಸುಟ್ಟ ಗಾಯವಷ್ಟೇ ಉಳಿಯುತ್ತದೆ.

ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಪಾದ ಎತ್ತಲು ಆಗದಿದ್ದರೆ ಯಾವ ಸೂಜಿಗೂ ಕಾಯಬೇಡಿ. ಅದೇ ದಿನ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನರಕ್ಕಾದ ಹಾನಿ ಶಾಶ್ವತವಾಗಬಹುದು.